ವಿದೇಶ ವೀಸಾಕ್ಕೆ ಮನೆ ದಾಖಲೆ: ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಕಲಬುರಗಿ ನಗರದಿಂದ, ಕಮಲಾಪುರದಂಥ ಸುತ್ತಲಿನ ಊರುಗಳಿಂದ ದುಬೈ, ಸೌದಿ, ಕತಾರ್ ಕಡೆಗೆ ದುಡಿಯಲು ಹೋದವರಿದ್ದಾರೆ. ಒಂದೆರಡು ವರ್ಷ ಕಳೆದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಹೆಂಡತಿ, ಮಕ್ಕಳನ್ನು ಅಲ್ಲಿಗೆ ಕರೆಸಿಕೊಳ್ಳುವುದು ಹೇಗೆ? ಆಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಲಹೆಗಳು ಸಾಲುಗಟ್ಟುತ್ತವೆ. "ಯಾರದೋ ಬಾಡಿಗೆ ಕರಾರು ಸಾಕು", "ಮನೆ ಪೇಪರ್ ನಾವೇ ಮಾಡಿಸಿಕೊಡ್ತೀವಿ", "ಹಣ ಕಟ್ಟಿದರೆ ಜೀವನಪೂರ್ತಿ ವೀಸಾ" ಎಂಬ ಮಾತುಗಳನ್ನು ನಂಬಿ ಹೊಲ, ಚಿನ್ನ ಅಡವಿಡುವ ಮೊದಲು ಈ ಲೇಖನ ಓದಿ.

ಗಾಳಿಮಾತು 1: ಕೆಲಸಕ್ಕೆ ಹೋಗುವವರೂ ಅಲ್ಲಿ ಮನೆ ಇದೆ ಎಂದು ತೋರಿಸಬೇಕು

ಸುಳ್ಳು. ಯುಎಇಯಲ್ಲಿ ನೌಕರರ ವೀಸಾಕ್ಕೆ ಪ್ರಾಯೋಜಕರು ಕೆಲಸ ಕೊಡುವ ಕಂಪನಿಯವರು. ಹೋಗುವವರು ಬಾಡಿಗೆ ಕರಾರು ತೋರಿಸಬೇಕಿಲ್ಲ. ಅಲ್ಲಿನ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕಂಪನಿ ವಸತಿ ಕೊಡಬೇಕು, ಇಲ್ಲವೇ ವಸತಿ ಭತ್ಯೆ ಕೊಡಬೇಕು. ಈ ಭತ್ಯೆ ಸಂಬಳದಲ್ಲೇ ಸೇರಿರಬಹುದು. ಹಾಗಾಗಿ ಸಹಿ ಹಾಕುವ ಮೊದಲು ಕರಾರಿನಲ್ಲಿ ವಸತಿಯ ಬಗ್ಗೆ ಏನು ಬರೆದಿದೆ ಎಂದು ನೋಡಿಕೊಳ್ಳಿ. "ರೂಮ್ ಡಿಪಾಸಿಟ್" ಎಂದು ಏಜೆಂಟರು ಇಲ್ಲೇ ಹಣ ಕೇಳಿದರೆ ಅನುಮಾನಪಡಿ. ನಮ್ಮ ದೇಶದ ನಿಯಮದಂತೆ ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ.

ಗಾಳಿಮಾತು 2: ಕುಟುಂಬದ ವೀಸಾಕ್ಕೆ ಯಾವ ಬಾಡಿಗೆ ಚೀಟಿಯಾದರೂ ನಡೆಯುತ್ತದೆ

ಸುಳ್ಳು. ಯುಎಇಯಲ್ಲಿ ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವ ನೌಕರರಿಗೆ ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ ಇರಬೇಕು. ಕಂಪನಿಯೇ ವಸತಿ ಕೊಟ್ಟಿದ್ದರೆ 3,000 ದಿರ್ಹಂ ಸಾಕು. ಇದರ ಜೊತೆಗೆ ಮನೆಯ ದಾಖಲೆ ಬೇಕು. ದುಬೈನಲ್ಲಿ ಆ ದಾಖಲೆಯ ಹೆಸರು "ಇಜಾರಿ". ಅರಬ್ಬಿಯಲ್ಲಿ ಹಾಗೆಂದರೆ "ನನ್ನ ಬಾಡಿಗೆ". ಮಾಲೀಕರೂ ಬಾಡಿಗೆದಾರರೂ ಮಾಡಿಕೊಂಡ ಕರಾರನ್ನು ದುಬೈನ ಭೂ ಇಲಾಖೆಯ ವ್ಯವಸ್ಥೆಯಲ್ಲಿ ನೋಂದಾಯಿಸಿದಾಗ ಸಿಗುವ ಪ್ರಮಾಣಪತ್ರ ಅದು. ಅಬುಧಾಬಿಯಲ್ಲಿ ಇಂಥದ್ದೇ ನೋಂದಣಿಗೆ "ತೌಥೀಕ್" ಎನ್ನುತ್ತಾರೆ.

ಇಲ್ಲಿ ಬಹಳ ಜನ ಸಿಕ್ಕಿಬೀಳುವುದು "ಬೆಡ್ ಸ್ಪೇಸ್" ವಿಷಯದಲ್ಲಿ. ಒಂದು ಕೋಣೆಯಲ್ಲಿ ಹಲವರು ಮಂಚ ಹಂಚಿಕೊಂಡು ಇರುವವರ ಬಳಿ ತಮ್ಮ ಹೆಸರಿನ ಇಜಾರಿ ಇರುವುದಿಲ್ಲ. ದುಬೈನ 2007ರ ಬಾಡಿಗೆ ಕಾನೂನಿನಂತೆ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆದಾರರು ಮನೆಯನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವಂತಿಲ್ಲ. ಗೆಳೆಯ ಬರೆದುಕೊಟ್ಟ ಚೀಟಿಯಿಂದ ಕುಟುಂಬದ ವೀಸಾ ಆಗದು.

ಇನ್ನೊಂದು ಮಾತು ನೆನಪಿರಲಿ. ಮನೆಯ ದಾಖಲೆ ಹುಟ್ಟುವುದು ಅಲ್ಲಿ, ಕಲಬುರಗಿಯ ಯಾವ ಕಚೇರಿಯಲ್ಲೂ ಅಲ್ಲ. ಇಲ್ಲಿ ಮಾಡಿಸಬೇಕಾದದ್ದು ಮದುವೆ ನೋಂದಣಿ ಪತ್ರ ಮತ್ತು ಮಕ್ಕಳ ಜನನ ಪತ್ರ. ಅವುಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಮತ್ತು ಯುಎಇ ರಾಯಭಾರ ಕಚೇರಿಯ ದೃಢೀಕರಣ ಬೇಕು. ಯುಎಇ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿಲ್ಲದ ಕಾರಣ ಬರೀ ಅಪೋಸ್ಟಿಲ್ ಮುದ್ರೆ ಸಾಲದು.

ಗಾಳಿಮಾತು 3: 23 ಲಕ್ಷ ಕಟ್ಟಿದರೆ ಜೀವನಪೂರ್ತಿ ಗೋಲ್ಡನ್ ವೀಸಾ, ಮನೆ ಕೊಳ್ಳಬೇಕಿಲ್ಲ

ಸುಳ್ಳು. ಜುಲೈ 2025ರಲ್ಲಿ ಈ ಸುದ್ದಿ ದೇಶದೆಲ್ಲೆಡೆ ಹರಿದಾಡಿತು. ಭಾರತೀಯರು 1 ಲಕ್ಷ ದಿರ್ಹಂ ಕಟ್ಟಿದರೆ ಸಾಕು ಎಂದು ಹಲವು ಪತ್ರಿಕೆಗಳೂ ಬರೆದವು. ಯುಎಇಯ ಗುರುತು ಮತ್ತು ಪೌರತ್ವ ಪ್ರಾಧಿಕಾರ ಜುಲೈ 8ರಂದು ಅದನ್ನು ಅಲ್ಲಗಳೆಯಿತು. ಗೋಲ್ಡನ್ ವೀಸಾ ಎಂಬುದು ನಿಜವಾಗಿ ಇದೆ, ಆದರೆ ಅದು ಜೀವನಪೂರ್ತಿಯದಲ್ಲ. ಅವಧಿ ಮುಗಿದಾಗ ನವೀಕರಿಸಬೇಕು. ಆಸ್ತಿಯ ಆಧಾರದಲ್ಲಿ ಅದನ್ನು ಪಡೆಯಲು ಕನಿಷ್ಠ 20 ಲಕ್ಷ ದಿರ್ಹಂ ಮೌಲ್ಯದ ಆಸ್ತಿ ಬೇಕು. ನಮ್ಮ ಲೆಕ್ಕದಲ್ಲಿ ಅದು ನಾಲ್ಕು ಕೋಟಿ ರೂಪಾಯಿಗೂ ಹೆಚ್ಚು. ಸಾಮಾನ್ಯ ಕುಟುಂಬ ವೀಸಾಕ್ಕೆ ಮನೆ ಕೊಳ್ಳುವ ಅಗತ್ಯವೇ ಇಲ್ಲ.

ಗಾಳಿಮಾತು 4: ಎಲ್ಲ ದೇಶಗಳ ನಿಯಮವೂ ಒಂದೇ

ಸುಳ್ಳು. ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ಹಕ್ಕಿರುವವರು ಅಥವಾ ಅಲ್ಲಿನ ಪೌರರು ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಲು "ಸಾಕಷ್ಟು ವಸತಿ" ಇದೆ ಎಂದು ತೋರಿಸಬೇಕು. ಮನೆ ಸ್ವಂತದ್ದೇ ಆಗಬೇಕಿಲ್ಲ. ಬಂಧುಗಳ ಮನೆಯೂ ಆಗಬಹುದು, ಆದರೆ ಕುಟುಂಬಕ್ಕೇ ಮೀಸಲಾದ ಒಂದು ಮಲಗುವ ಕೋಣೆಯಾದರೂ ಇರಬೇಕು, ಮನೆಯಲ್ಲಿ ಜನದಟ್ಟಣೆ ಆಗಬಾರದು. ದಟ್ಟಣೆಯನ್ನು ಅಲ್ಲಿನ 1985ರ ವಸತಿ ಕಾನೂನಿನ ಲೆಕ್ಕದಲ್ಲಿ ಅಳೆಯುತ್ತಾರೆ:

- 1 ಕೋಣೆಗೆ 2 ಜನ
- 2 ಕೋಣೆಗೆ 3 ಜನ
- 3 ಕೋಣೆಗೆ 5 ಜನ
- 4 ಕೋಣೆಗೆ ಏಳೂವರೆ ಜನ

ಹಾಲ್ ಕೂಡ ಕೋಣೆಯೇ. ಅಡುಗೆಮನೆ, ಬಚ್ಚಲುಮನೆ ಲೆಕ್ಕಕ್ಕಿಲ್ಲ. ಒಂದು ವರ್ಷದೊಳಗಿನ ಕೂಸನ್ನು ಎಣಿಸುವುದಿಲ್ಲ, 1ರಿಂದ 10 ವರ್ಷದೊಳಗಿನ ಮಗು ಅರ್ಧ ಜನ. ಉದಾಹರಣೆಗೆ, ಎರಡು ಮಲಗುವ ಕೋಣೆ ಮತ್ತು ಒಂದು ಹಾಲ್ ಇರುವ ಮನೆಯಲ್ಲಿ ಅಣ್ಣ, ಅತ್ತಿಗೆ ಇದ್ದಾರೆ. ಅಲ್ಲಿಗೆ ತಮ್ಮ, ಅವನ ಹೆಂಡತಿ ಮತ್ತು 6 ವರ್ಷದ ಮಗು ಸೇರಿದರೆ ಒಟ್ಟು ನಾಲ್ಕೂವರೆ ಜನ. ಮಿತಿ 5. ಹಾಗಾಗಿ ನಡೆಯುತ್ತದೆ. ಹಾಲ್ ಇಲ್ಲದೆ ಎರಡೇ ಕೋಣೆ ಇದ್ದರೆ ಮಿತಿ 3, ನಡೆಯುವುದಿಲ್ಲ.

ಹಾಗೆಯೇ, ಬ್ರಿಟನ್ನಿಗೆ ಆರೈಕೆ ಕೆಲಸಕ್ಕೆ ಹೊಸದಾಗಿ ಹೋದವರು ಮಾರ್ಚ್ 11, 2024ರಿಂದ ಕುಟುಂಬವನ್ನು ಕರೆಸಿಕೊಳ್ಳುವಂತಿಲ್ಲ. ಅವರಿಗೆ ಎಷ್ಟು ದೊಡ್ಡ ಮನೆಯ ದಾಖಲೆ ಮಾಡಿಸಿಕೊಟ್ಟರೂ ಪ್ರಯೋಜನವಿಲ್ಲ. ಜರ್ಮನಿಯಲ್ಲೂ "ಸಾಕಷ್ಟು ವಾಸಸ್ಥಳ" ಎಂಬ ಸಾಮಾನ್ಯ ನಿಯಮವಿದೆ. ಆದರೆ ನುರಿತ ಕೆಲಸಗಾರರ ಸಂಗಾತಿ ಮತ್ತು ಮಕ್ಕಳಿಗೆ ಈಗ ಅದರಿಂದ ವಿನಾಯಿತಿ ಇದೆ.

ಗಾಳಿಮಾತು 5: ಹೋಟೆಲ್ ಬುಕಿಂಗ್ ಅಥವಾ ನಕಲಿ ಕರಾರು ಸಾಕು, ಯಾರೂ ನೋಡುವುದಿಲ್ಲ

ಸುಳ್ಳು, ಅಪಾಯಕಾರಿ ಕೂಡ. ಹೋಟೆಲ್ ಬುಕಿಂಗ್ ಪ್ರವಾಸಿ ವೀಸಾದ ಮಾತು, ವಾಸದ ವೀಸಾದ್ದಲ್ಲ. ಇಜಾರಿ ಸರ್ಕಾರಿ ವ್ಯವಸ್ಥೆಯಲ್ಲೇ ನೋಂದಣಿ ಆಗುವುದರಿಂದ ನಕಲಿ ಸುಲಭವಾಗಿ ಸಿಕ್ಕಿಬೀಳುತ್ತದೆ. ನಕಲಿ ದಾಖಲೆ ಕೊಡುವುದು ಅಲ್ಲಿ ಅಪರಾಧ. ಬ್ರಿಟನ್ನಿನ ವೀಸಾ ಅರ್ಜಿಯಲ್ಲಿ ಮೋಸ ಮಾಡಿದ್ದು ಕಂಡುಬಂದರೆ 10 ವರ್ಷ ವೀಸಾ ನಿರಾಕರಿಸಬಹುದು. ಅರ್ಜಿಗೆ ಸಹಿ ಹಾಕಿದವರು ನೀವು, ಆದ್ದರಿಂದ ಶಿಕ್ಷೆಯೂ ನಿಮಗೇ.

ಇಷ್ಟಕ್ಕೂ ಮನೆಯ ನಿಯಮ ಏಕೆ?

ಇದು ಬರೀ ಕಾಗದದ ಕಿರಿಕಿರಿಯಲ್ಲ. ಇಕ್ಕಟ್ಟಿನ ಕೋಣೆಯಲ್ಲಿ ಹೆಚ್ಚು ಜನ ಮಲಗಿದರೆ ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗಗಳು ಬೇಗ ಅಂಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮತ್ತು ಆರೋಗ್ಯ ಮಾರ್ಗಸೂಚಿಯಲ್ಲಿ ಮನೆಯೊಳಗಿನ ದಟ್ಟಣೆ ತಗ್ಗಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಬಂದ ಕುಟುಂಬ ಬೀದಿಗೆ ಬೀಳದಂತೆ ನೋಡಿಕೊಳ್ಳುವುದೂ ಈ ನಿಯಮದ ಒಂದು ಉದ್ದೇಶ.

ಹಣ ಕೊಡುವ ಮೊದಲು ಇಷ್ಟು ಮಾಡಿ

- ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರೀಕ್ಷಿಸಿ. 10ನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು.
- ಇಜಾರಿಯ ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಕರೆಸಿಕೊಳ್ಳುವವರ ಹೆಸರಿದೆಯೇ, ಅವಧಿ ಮುಗಿದಿಲ್ಲವೇ ನೋಡಿ.
- ಕಂಪನಿ ವಸತಿ ಆಗಿದ್ದರೆ, ಅಲ್ಲಿ ಕುಟುಂಬ ಇರಬಹುದೇ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ.
- ನಿಯಮಗಳು ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ದೇಶದ ಅಧಿಕೃತ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ.
- ವಿದೇಶಕ್ಕೆ ಹೋಗುವವರಿಗಾಗಿ ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ ಇದೆ: 1800 11 3090.

ಏಜೆಂಟರ ಮಾತು ನಂಬಿದರೆ ಏನಾಗಬಹುದು ಎಂಬುದನ್ನು ಕಲಬುರಗಿ ಜಿಲ್ಲೆ ಹತ್ತಿರದಿಂದ ಕಂಡಿದೆ. ಸಹಾಯಕರ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಇಲ್ಲಿನ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿದ್ದು 2024ರಲ್ಲಿ ಬೆಳಕಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ಮನೆಗೆ ಮರಳುವವರೆಗೆ ಕುಟುಂಬಗಳು ತಿಂಗಳುಗಟ್ಟಲೆ ಕಾದವು.

ನಿಮ್ಮ ಗುಂಪಿಗೆ ವೀಸಾದ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ದೇಶ? ಯಾವ ವೀಸಾ? ಮನೆ ಯಾರ ಹೆಸರಿನಲ್ಲಿದೆ? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಮುಂದೆ ಕಳಿಸಬೇಡಿ.