ಹಾಡು ಯಾರದು, ಹೆಸರು ಯಾರದು?

ಕಲಬುರಗಿಯ ರೋಜಾ ಬಡಾವಣೆಯ ಹೆಸರನ್ನು ಕೇಳಿದ ಪರಸ್ಥಳದವರು ಅದನ್ನು ಗುಲಾಬಿ ಹೂವೆಂದೋ, ರಂಜಾನ್ ತಿಂಗಳ ಉಪವಾಸವೆಂದೋ ತಿಳಿಯುವುದುಂಟು. ಅದು ಎರಡೂ ಅಲ್ಲ. ‘ರೌಜಾ’ ಎಂಬ ಅರಬ್ಬೀ ಮಾತು ಜನರ ಬಾಯಲ್ಲಿ ರೋಜಾ ಆಯಿತು. ಮೂಲದಲ್ಲಿ ಉದ್ಯಾನವೆಂದೂ ಬಳಕೆಯಲ್ಲಿ ಮಹಾತ್ಮರ ಸಮಾಧಿಯ ಆವರಣವೆಂದೂ ಅದರ ಅರ್ಥ. ಇಲ್ಲಿ ಮಲಗಿರುವವರು ಖ್ವಾಜಾ ಬಂದೇನವಾಜ್ ಗೇಸುದರಾಜರು. ಅವರು 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, 1398ರಲ್ಲಿ ತೈಮೂರನ ದಾಳಿಯ ಕಾಲಕ್ಕೆ ಆ ನಗರವನ್ನು ಬಿಟ್ಟು, ಬಹಮನಿ ಸುಲ್ತಾನ ಫಿರೋಜ್ ಶಹನ ಆಳಿಕೆಯಲ್ಲಿ ಕಲಬುರಗಿಗೆ ಬಂದು, 1422ರಲ್ಲಿ ಇಲ್ಲಿಯೇ ಕಾಲವಾದರು.

ಅರಬ್ಬೀ ಮತ್ತು ಪಾರಸೀ ಭಾಷೆಗಳಲ್ಲಿ ಅವರು ಬರೆದ ಗ್ರಂಥಗಳು ಅನೇಕ. ಆದರೆ ಅವರ ಹೆಸರಿನಲ್ಲಿ ಇನ್ನೊಂದು ಬಗೆಯ ಸಾಹಿತ್ಯವೂ ನಡೆದುಬಂದಿದೆ. ಅದು ದಖನಿ ಮಾತಿನ ‘ಚಕ್ಕೀನಾಮಾ’, ಅಂದರೆ ಬೀಸುವ ಕಲ್ಲಿನ ಪದ. ಹೆಂಗಸರು ಜೋಳ ಬೀಸುತ್ತ ಹಾಡಿಕೊಳ್ಳಲು ತಕ್ಕ ಪದಗಳಿವು. ಕಲ್ಲಿನ ಹಿಡಿಗೂಟವನ್ನು ‘ಅಲಿಫ್’ ಅಕ್ಷರಕ್ಕೆ ಹೋಲಿಸಿ ಅದರಲ್ಲಿ ದೇವರ ನೆನಪನ್ನು ಕಾಣುವುದು ಇವುಗಳ ರೀತಿ. ಇಂಥ ಪದವನ್ನು ಕಟ್ಟಿದವರು ಯಾರು? ‘ಖ್ವಾಜಾ ಸಾಹೇಬರೇ’ ಎಂಬುದು ಪರಂಪರೆಯ ಉತ್ತರ. ವಿದ್ವಾಂಸರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ.

ಹಾಡಿನ ಕರ್ತೃವನ್ನು ಊಹಿಸುವುದು ಕನ್ನಡಿಗರಿಗೆ ಹಳೆಯ ಅಭ್ಯಾಸ. ದಾಸರ ಪದವಾಗಲಿ, ತತ್ವಪದವಾಗಲಿ, ಕಡೆಯ ಸಾಲು ಬರುವವರೆಗೆ ಕಾದು, ಅಂಕಿತ ಕಿವಿಗೆ ಬಿದ್ದೊಡನೆ ‘ಓ, ಇದು ಇಂಥವರದು’ ಎನ್ನುತ್ತೇವೆ. ಆದರೆ ಅಂಕಿತವು ಕವಿಯ ಸ್ವಂತ ಹೆಸರಾಗಿರಬೇಕೆಂದಿಲ್ಲ. ಶಿಶುನಾಳ ಷರೀಫರು (1819–1889) ತಮ್ಮೂರಿನ ದೈವವಾದ ಶಿಶುನಾಳಧೀಶನ ಹೆಸರಿನಲ್ಲಿ ಹಾಡಿದರು. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರು ತಮ್ಮ ಗುರು ಮಹಾಂತರನ್ನು ಅಂಕಿತದಲ್ಲಿ ನೆನೆದರು. ಹಾಡಿನ ಕಡೆಗೆ ದೊಡ್ಡವರ ಹೆಸರೊಂದು ಬಂತೆಂದರೆ ಎರಡು ಅರ್ಥಗಳು ಸಾಧ್ಯ. ಅವರೇ ಅದನ್ನು ಕಟ್ಟಿರಬಹುದು. ಇಲ್ಲವೆ ಕಟ್ಟಿದವರು ಅವರಿಗೆ ಕೈಮುಗಿದಿರಬಹುದು. ಭಕ್ತಿಯ ಕಿವಿಗೆ ಈ ಎರಡರ ನಡುವಣ ಗೆರೆ ಕಾಣಿಸುವುದಿಲ್ಲ.

ಖ್ವಾಜಾ ಅವರ ವಿಷಯದಲ್ಲಿ ಆ ಗೆರೆಯನ್ನು ಎಳೆದು ತೋರಿಸಿದ ಪ್ರಸಂಗವೊಂದುಂಟು. ‘ಮೆರಾಜುಲ್ ಆಶಿಕೀನ್’ ಎಂಬ ದಖನಿ ಗದ್ಯಕೃತಿಯನ್ನು ಮೌಲ್ವಿ ಅಬ್ದುಲ್ ಹಕ್ಕರು 1924ರಲ್ಲಿ ಬಂದೇನವಾಜರ ಕೃತಿಯೆಂದು ಪ್ರಕಟಿಸಿದರು. ಉರ್ದು ಗದ್ಯದ ಮೊದಲ ಪುಸ್ತಕವೆಂದು ಅದಕ್ಕೆ ಹೆಸರಾಯಿತು. 1968ರಲ್ಲಿ ಹಫೀಜ್ ಕತೀಲ್ ಎಂಬ ವಿದ್ವಾಂಸರು ಅದರ ಕರ್ತೃವನ್ನೇ ಕುರಿತು ಪುಸ್ತಕವೊಂದನ್ನು ಬರೆದು, ಅದು ಬಹು ಕಾಲದ ಮೇಲೆ ಬಿಜಾಪುರದಲ್ಲಿದ್ದ ಮಖದೂಮ್ ಶಾಹ ಹುಸೇನಿ ಎಂಬ ಸೂಫಿಯದೆಂದು ವಾದಿಸಿದರು. ಆ ಮೇಲೆ ಪಂಡಿತರು ಬಹುಮಟ್ಟಿಗೆ ಈ ಮಾತನ್ನೇ ಒಪ್ಪಿದರು. ಖ್ವಾಜಾ ಅವರ ಹಿರಿಮೆಗೆ ಇದರಿಂದ ಕುಂದೇನೂ ಬರಲಿಲ್ಲ. ಮರೆತುಹೋಗಿದ್ದ ಒಬ್ಬ ಲೇಖಕನಿಗೆ ಅವನ ಕೃತಿ ಮರಳಿ ಸಿಕ್ಕಿತು.

ಚಕ್ಕೀನಾಮಾಗಳ ಬೇರನ್ನೂ ಬಿಜಾಪುರದ ಸೂಫಿಗಳಲ್ಲಿಯೇ ಹುಡುಕಬೇಕಾಗುತ್ತದೆ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್‌ರು 1978ರಲ್ಲಿ ಆ ಸೂಫಿಗಳನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. ಬೀಸುವಾಗಲೂ ನೂಲುವಾಗಲೂ ಹಾಡುವ ಇಂಥ ಪದಗಳ ಮೂಲಕವೇ ಸೂಫಿಗಳ ಬೋಧೆ ಹಳ್ಳಿಯ ಹೆಂಗಸರ ಬಳಿಗೆ ಹೋಯಿತೆಂದು ಅವರು ವಿವರಿಸಿದ್ದಾರೆ. ಪದವನ್ನು ಮೊದಲು ಕಟ್ಟಿದವರು ಸೂಫಿಗಳೇ ಇರಲಿ, ಅದನ್ನು ಉಳಿಸಿದವರು ಯಾರು? ಕಲ್ಲಿನ ಮುಂದೆ ಕುಳಿತು, ತಾಯಿಯಿಂದ ಕಲಿತು ಮಗಳಿಗೆ ಕೊಟ್ಟ ಹೆಂಗಸರು. ಅವರ ಹೆಸರು ಯಾವ ಬರಹದಲ್ಲಿಯೂ ಇಲ್ಲ.

ದೊಡ್ಡ ಹೆಸರು ಸಣ್ಣ ಹೆಸರನ್ನು ನುಂಗುವುದು ನಮ್ಮ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಅಮೆರಿಕದ ಕರಿಯ ಜನರ ಬ್ಲೂಸ್ ಮತ್ತು ಸೋಲ್ ಹಾಡುಗಳಲ್ಲಿಯೂ ಇದೇ ತೊಡಕು. ‘ರೆಸ್ಪೆಕ್ಟ್’ ಎಂಬ ಹಾಡನ್ನು ಯಾರಿಗೆ ಕೇಳಿಸಿದರೂ ಅರೀತಾ ಫ್ರಾಂಕ್ಲಿನ್‌ರದು ಎನ್ನುತ್ತಾರೆ. ಅವರು ಹಾಡಿದ್ದು 1967ರಲ್ಲಿ. ಬರೆದು 1965ರಲ್ಲಿಯೇ ಹಾಡಿದ್ದವರು ಓಟಿಸ್ ರೆಡ್ಡಿಂಗ್. ಅಲ್ಲಿ ಹೆಸರಿನೊಡನೆ ಹಣವೂ ನಡೆಯುತ್ತದೆ. ಬ್ಲೂಸ್ ಕವಿ ವಿಲ್ಲಿ ಡಿಕ್ಸನ್‌ರು ತಮ್ಮ ಮಾತುಗಳು ಇಂಗ್ಲೆಂಡಿನ ಲೆಡ್ ಜೆಪೆಲಿನ್ ತಂಡದ 1969ರ ಹಾಡೊಂದರಲ್ಲಿ ಸೇರಿವೆಯೆಂದು 1985ರಲ್ಲಿ ದಾವೆ ಹೂಡಬೇಕಾಯಿತು. 1987ರಲ್ಲಿ ರಾಜಿಯಾಗಿ, ಮುಂದೆ ಅವರ ಹೆಸರು ಆ ಹಾಡಿನ ಕೆಳಗೆ ಅಚ್ಚಾಯಿತು. ಡಿಕ್ಸನ್‌ರಿಗೆ ನ್ಯಾಯಾಲಯವಿತ್ತು, ಧ್ವನಿಮುದ್ರಿಕೆಯ ಸಾಕ್ಷಿಯಿತ್ತು. ಬೀಸುವ ಹೆಂಗಸಿಗೆ ಎರಡೂ ಇರಲಿಲ್ಲ.

ಹಾಗಾದರೆ ಹೆಸರಿಲ್ಲದವರಿಗೆ ಸಲ್ಲಿಸುವ ಗೌರವ ಹೇಗೆ? ಬಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇದಕ್ಕೊಂದು ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. ಮಧುರಚೆನ್ನರೂ ಅವರ ಸಂಗಡಿಗರೂ ಬೀಸುವ ಕುಟ್ಟುವ ಕನ್ನಡ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ಅಚ್ಚು ಹಾಕಿಸಿದಾಗ, ಪುಸ್ತಕಕ್ಕೆ ‘ಗರತಿಯ ಹಾಡು’ ಎಂದು ಹೆಸರಿಟ್ಟರು. ಯಾವ ಕವಿಯ ತಲೆಗೂ ಅದನ್ನು ಕಟ್ಟಲಿಲ್ಲ. ಯಾರ ಬಾಯಿಂದ ಬಂತೋ ಅವರ ಹೆಸರಿನಲ್ಲಿಯೇ ಅದು ನಿಂತಿತು.

ರೋಜಾದ ಪದಗಳಿಗೂ ಇದೇ ನ್ಯಾಯ ಸಲ್ಲಬೇಕು. ‘ಬಂದೇನವಾಜರ ರಚನೆ’ ಎನ್ನುವುದಕ್ಕೂ ‘ಬಂದೇನವಾಜರದೆಂದು ಜನ ಹಾಡುವ ಪದ’ ಎನ್ನುವುದಕ್ಕೂ ಮೂರು ಮಾತಿನ ಅಂತರ. ಆದರೆ ಆ ಮೂರು ಮಾತಿನಲ್ಲಿ ಜನಕ್ಕೂ ಒಂದು ಸ್ಥಾನ ಸಿಗುತ್ತದೆ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದೆ. ಹಾಡುವವರು ಇಲ್ಲದಾಗುವ ಮೊದಲು, ಪದವನ್ನು ಬರೆದುಕೊಳ್ಳುವವರು ಅದು ಯಾವ ಊರಿನ, ಯಾವ ಅಜ್ಜಿಯ ಬಾಯಿಂದ ಬಂತೆಂಬುದನ್ನೂ ಜೊತೆಗೇ ಬರೆದಿಡುವುದು ಒಳ್ಳೆಯದು. ಮುಂದಿನವರು ಊಹಿಸಬೇಕಾದ ಹೆಸರು ಅಷ್ಟರ ಮಟ್ಟಿಗೆ ಕಡಿಮೆಯಾದೀತು.