ಕಾಗೋಡಿನ ಗದ್ದೆಯಿಂದ ಭೂ ನ್ಯಾಯಮಂಡಳಿಯವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಪರಾಧ ಮತ್ತು ನ್ಯಾಯದ ಚರಿತ್ರೆ ಬಹುಮಟ್ಟಿಗೆ ಜಮೀನಿನ ಚರಿತ್ರೆಯೇ. ಶಿವಮೊಗ್ಗ ಜಿಲ್ಲೆಯ ಈ ಮಲೆನಾಡಿನಲ್ಲಿ ಭತ್ತದ ಗದ್ದೆಗಳು ಹೆಚ್ಚಾಗಿ ಒಡೆಯರ ಹೆಸರಿನಲ್ಲಿದ್ದವು; ಉತ್ತು ಬೆಳೆಯುತ್ತಿದ್ದವರು ದೀವರು ಮೊದಲಾದ ಸಮುದಾಯಗಳ ಗೇಣಿದಾರರು. ಗೇಣಿ ಬಹುತೇಕ ಬಾಯಿಮಾತಿನದು. ಕರಾರು ಪತ್ರವಿಲ್ಲ, ಅಳೆದ ಭತ್ತಕ್ಕೆ ರಸೀದಿಯಿಲ್ಲ. ಗೇಣಿಯ ಜೊತೆಗೆ ಒಡೆಯರ ಮನೆಯ ಬಿಟ್ಟಿ ಚಾಕರಿಯೂ ಅಂಟಿಕೊಂಡಿತ್ತು. ಒಡೆಯರು ಬೇಡವೆಂದರೆ ತಲೆಮಾರುಗಳಿಂದ ಉತ್ತ ಗದ್ದೆಯನ್ನೂ ಬಿಟ್ಟೇಳಬೇಕಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಈ ವ್ಯವಸ್ಥೆ ಪ್ರಶ್ನೆಗೊಳಗಾದದ್ದು ಕೊಳಗದ ಅಳತೆಯಿಂದ. ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡುವುದು ಪದ್ಧತಿ. ಒಡೆಯರು ಗೇಣಿ ಪಡೆಯಲು ಬಳಸುತ್ತಿದ್ದ ಕೊಳಗ ದೊಡ್ಡದು; ಮೂರು ಸೇರಿನ ಕೊಳಗದಲ್ಲೇ ಅಳೆಯಬೇಕೆಂದು ಗೇಣಿದಾರರು ಪಟ್ಟು ಹಿಡಿದರು. ಅಳತೆಯಲ್ಲಿ ಹೋಗುತ್ತಿದ್ದ ಭತ್ತ ಪ್ರತಿ ಕೊಳಗಕ್ಕೆ ಸ್ವಲ್ಪವೇ ಆದರೂ ವರ್ಷದ ಲೆಕ್ಕದಲ್ಲಿ ಅದು ಒಂದು ಸಂಸಾರದ ಊಟ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಗೇಣಿದಾರರ ಬೆನ್ನಿಗಿತ್ತು. ರಸೀದಿ ಕೊಡಬೇಕು, ಬಿಟ್ಟಿ ಚಾಕರಿ ನಿಲ್ಲಬೇಕು ಎಂಬ ಒತ್ತಾಯಗಳೂ ಸೇರಿಕೊಂಡವು. ಒಡೆಯರು ಒಪ್ಪಲಿಲ್ಲ, ಉಳಲು ಗದ್ದೆ ಕೊಡುವುದನ್ನೇ ನಿಲ್ಲಿಸಿದರು.

1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಗೇಣಿದಾರರು ತಂಡತಂಡವಾಗಿ ನೇಗಿಲು ಹೊತ್ತು ಗದ್ದೆಗಿಳಿದರು, ಪೊಲೀಸರು ಅವರನ್ನು ಬಂಧಿಸಿದರು. ಕಾನೂನಿನ ಕಣ್ಣಿಗೆ ಅದು ಬೇರೆಯವರ ಜಮೀನಿನೊಳಗೆ ಅತಿಕ್ರಮ ಪ್ರವೇಶ. ಗೇಣಿದಾರರ ಪಾಲಿಗೆ ಅದೇ ಅವರ ವರ್ಷಾವಧಿಯ ಕಸುಬು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರ ಮುಂದಾಳತ್ವದಲ್ಲಿ ಸಮಾಜವಾದಿ ಪಕ್ಷ ಚಳವಳಿಯನ್ನು ಕೈಗೆತ್ತಿಕೊಂಡಿತು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು. ಅವರನ್ನು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಲಾಯಿತು. ಒಂದು ಹಳ್ಳಿಯ ಗೇಣಿ ತಕರಾರು ಅಲ್ಲಿಂದ ದೇಶದ ಸುದ್ದಿಯಾಯಿತು.

ಕಾಗೋಡಿನವರಿಗೆ ಗದ್ದೆಯ ಹಕ್ಕು ಕೂಡಲೇ ದಕ್ಕಲಿಲ್ಲ. ಆದರೆ ಪ್ರಶ್ನೆ ಶಾಸನಸಭೆಯನ್ನು ತಲುಪಿತು. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. ತೀರ್ಥಹಳ್ಳಿಯವರೇ ಆದ, ವಕೀಲರಾಗಿದ್ದ ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಯಾಗಿ ಗೇಣಿ ಶಾಸನಕ್ಕೂ ಇನಾಂ ರದ್ದತಿಗೂ ದುಡಿದರು. ಪಕ್ಷ ಬೇರೆಯಾದರೂ ಇಬ್ಬರೂ ಗೇಣಿದಾರರ ಕಷ್ಟವನ್ನು ಹತ್ತಿರದಿಂದ ಕಂಡವರು. ಮುಂದೆ 1961ರ ಭೂಸುಧಾರಣಾ ಕಾಯ್ದೆ ಬಂದು 1965ರಲ್ಲಿ ಜಾರಿಯಾಯಿತು. ಆದರೂ ಅದರಲ್ಲಿದ್ದ ವಿನಾಯಿತಿಗಳಿಂದಾಗಿ ಗೇಣಿ ಪದ್ಧತಿ ಪೂರ್ತಿ ತೊಲಗಲಿಲ್ಲ.

ದೊಡ್ಡ ಬದಲಾವಣೆ ಬಂದದ್ದು ಡಿ. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಸ್ವತಃ ಉಳುತ್ತಿದ್ದ ಗೇಣಿದಾರ ಅಧಿಭೋಗದ ಹಕ್ಕು ಕೋರಿ ನಮೂನೆ 7ರಲ್ಲಿ ಅರ್ಜಿ ಹಾಕಬಹುದಾಯಿತು. ಹೀಗೆ ಅರ್ಜಿ ಹಾಕಿದವರನ್ನು ಮಲೆನಾಡು ಇಂದಿಗೂ ‘ಡಿಕ್ಲರೇಶನ್ ಕೊಟ್ಟವರು’ ಎಂದೇ ಗುರುತಿಸುತ್ತದೆ. ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ರಚನೆಯಾದವು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಅವರೊಂದಿಗೆ ಸರ್ಕಾರ ನೇಮಿಸಿದ ಸದಸ್ಯರು.

ನ್ಯಾಯಮಂಡಳಿಯ ಮುಂದೆ ಎದ್ದ ಮುಖ್ಯ ಪ್ರಶ್ನೆ ಪುರಾವೆಯದು. ಪಹಣಿಯಲ್ಲಿ ಹೆಸರಿದ್ದವರ ದಾರಿ ಸುಗಮ. ಬಾಯಿಮಾತಿನ ಗೇಣಿಯವರಿಗೆ ಅಕ್ಕಪಕ್ಕದ ಗದ್ದೆಯವರ ಸಾಕ್ಷಿ, ಸ್ಥಳ ತನಿಖೆಗಳೇ ಆಧಾರ. ಎರಡು ದಶಕಗಳ ಹಿಂದೆ ಕೇಳಿದ್ದ ರಸೀದಿಯ ಬೆಲೆ ಇಲ್ಲಿ ಸ್ಪಷ್ಟವಾಯಿತು. ಮೊದಲ ವರ್ಷಗಳಲ್ಲಿ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಗೇಣಿದಾರ ತನ್ನ ಮಾತನ್ನು ತಾನೇ ಹೇಳಿಕೊಳ್ಳಬೇಕಿತ್ತು. ಸರ್ವೆ ನಂಬರು ತಿಳಿದವರು, ಅರ್ಜಿ ಬರೆಯಬಲ್ಲವರು, ಹೇಳಿಕೆ ಕೊಡಲು ಧೈರ್ಯ ತುಂಬಬಲ್ಲವರು ಇಂಥ ಹೊತ್ತಿನಲ್ಲಿ ಊರಿಗೆ ಬೇಕಾದ ಜನ. ಸಮುದಾಯದ ನಡುವೆ ನಿಂತು ಮಾಡುವ ನ್ಯಾಯದ ಕೆಲಸದ ಮೊದಲ ಪಾಠ ಇದೇ: ಹಕ್ಕು ಕಾಯ್ದೆಯಲ್ಲಿದ್ದರೆ ಸಾಲದು, ಅದನ್ನು ಕೇಳುವವನ ಕೈಗೆ ಕಾಗದವೂ ನಾಲಿಗೆಗೆ ಮಾತೂ ಬರಬೇಕು.

ಗೇಣಿ ಪ್ರಶ್ನೆ ತೀರಿದ ಮೇಲೂ ಭೂಮಿಯ ಹಕ್ಕಿನ ತಕರಾರು ಮುಗಿಯಲಿಲ್ಲ. ಅದಕ್ಕೂ ಮೊದಲೇ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು. ಸಂತ್ರಸ್ತರ ಪುನರ್ವಸತಿ ಜಮೀನಿನ ಹಕ್ಕುಪತ್ರ ಇಂದಿಗೂ ಬೇಡಿಕೆಯಾಗಿಯೇ ಇದೆ. ಅನುಮತಿಯಿಲ್ಲದೆ ಸಾಗುವಳಿ ಮಾಡಿದವರು ಬಗರ್ ಹುಕುಂ ಸಕ್ರಮಕ್ಕೆ ಅರ್ಜಿ ಹಾಕಿ ಕಾದರು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಂಚಿನ ಸಾಗುವಳಿದಾರರಿಗೆ ಗ್ರಾಮಸಭೆಯ ಮೂಲಕ ಹಕ್ಕು ಕೇಳುವ ದಾರಿ ತೆರೆಯಿತು. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆ ತೋರಿಸಬೇಕೆಂಬ ಷರತ್ತು ಹಲವರಿಗೆ ಅಡ್ಡಿಯಾಯಿತು. ಇನ್ನೊಂದೆಡೆ 2011ರ ಭೂಕಬಳಿಕೆ ನಿಷೇಧ ಕಾಯ್ದೆ ಸರ್ಕಾರಿ ಜಮೀನಿನ ಒತ್ತುವರಿಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಒಂದೇ ಸಾಗುವಳಿ ಒಂದು ಕಾಯ್ದೆಯಡಿ ಹಕ್ಕಿನ ಅರ್ಜಿಯಾಗಿ, ಮತ್ತೊಂದರಡಿ ಮೊಕದ್ದಮೆಯಾಗಿ ನಿಲ್ಲುವಂತಾಯಿತು.

ಹಕ್ಕು ಕೇಳುವವರಿಗೆ ನೆರವಾಗುವ ಕೆಲಸಕ್ಕೆ ಈಗ ಕಾನೂನುಬದ್ಧ ಚೌಕಟ್ಟೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದು, ತಾಲ್ಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿಗಳಿಗೆ ಅವಕಾಶ ಕಲ್ಪಿಸಿತು. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು ಮೊದಲಾದವರು ಉಚಿತ ಕಾನೂನು ನೆರವಿಗೆ ಅರ್ಹರು. ವಕೀಲರಲ್ಲದವರೂ ತರಬೇತಿ ಪಡೆದು ಅರೆಕಾನೂನು ಸ್ವಯಂಸೇವಕರಾಗಬಹುದು. ಕಾನೂನು, ಸಮಾಜಕಾರ್ಯ, ಅಪರಾಧಶಾಸ್ತ್ರ ಓದಿದವರಿಗೆ ಪರಿವೀಕ್ಷಣಾಧಿಕಾರಿ, ಮಕ್ಕಳ ರಕ್ಷಣೆ, ಕಾನೂನು ನೆರವಿನ ಹುದ್ದೆಗಳಿವೆ. ಇಂಥ ಹುದ್ದೆಗಳಿಗೆ ಸಿದ್ಧರಾಗುವವರು ಅಪರಾಧ ಕಾನೂನಿನ ಜೊತೆಗೆ ಈ ಮೂರು ತಾಲ್ಲೂಕುಗಳ ಭೂಚರಿತ್ರೆಯನ್ನೂ ಓದಬೇಕು. 1951ರಲ್ಲಿ ಬಂಧನಕ್ಕೆ ಕಾರಣವಾದ ಉಳುಮೆಯೇ 1974ರಲ್ಲಿ ಹಕ್ಕಿಗೆ ಆಧಾರವಾಯಿತು. ಈ 23 ವರ್ಷಗಳಲ್ಲಿ ಉಳುವವರು ಮಾಡಿದ ಕೆಲಸ ಬದಲಾಗಲಿಲ್ಲ. ಅವರು ಸಂಘಟಿತರಾಗಿ ಕೇಳಿದ್ದರಿಂದ ಕಾನೂನು ಬದಲಾಯಿತು.