ತೊನ್ನು, ಕುಷ್ಠ ಮತ್ತು ಒಂದು ಗಾಜಿನ ತುಣುಕು

ಹೈದರಾಬಾದಿನಲ್ಲಿ ಕೂತು ಒಂದು ಆರೋಗ್ಯ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೆ. ‘ವಿಟಿಲೈಗೊ’ಗೆ ‘ತೊನ್ನು’ ಎಂದು ಬರೆದು ಅಲ್ಲೇ ನಿಂತೆ. ನಮ್ಮ ಎಷ್ಟೋ ಮನೆಗಳಲ್ಲಿ ಕುಷ್ಠಕ್ಕೂ ಅದೇ ಮಾತು.

ಈ ಗೊಂದಲ ಹಳೆಯದು. ಚರಕಸಂಹಿತೆ 18 ಬಗೆಯ ಕುಷ್ಠಗಳನ್ನು ಹೇಳಿ, ಬಿಳಿಮಚ್ಚೆಯಾದ ಶ್ವಿತ್ರವನ್ನೂ ಅದೇ ಅಧ್ಯಾಯದಲ್ಲಿ ಸೇರಿಸುತ್ತದೆ. ಇಂಗ್ಲಿಷರೂ ತೊನ್ನನ್ನು ‘ಬಿಳಿ ಕುಷ್ಠ’ ಎಂದೇ ಕರೆದರು.

1873ರಲ್ಲಿ ನಾರ್ವೆಯ ಹ್ಯಾನ್ಸನ್, ಕುಷ್ಠರೋಗಿಗಳ ಗಂಟಿನಿಂದ ತೆಗೆದ ಅಂಗಾಂಶದಲ್ಲಿ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳನ್ನು ಕಂಡ. ಈ ಜೀವಿಯನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಇಂದಿಗೂ ಆಗಿಲ್ಲ. ಹಾಗಾಗಿ ಅದನ್ನು ಕಣ್ಣಾರೆ ನೋಡುವುದೇ ಬಹುಕಾಲ ದೊಡ್ಡ ಪುರಾವೆಯಾಗಿತ್ತು.

ನೋಡುವ ವಿಧಾನ ಸರಳ. ಕಿವಿಯ ಹಾಲೆಯನ್ನು ರಕ್ತ ಸರಿಯುವಂತೆ ಹಿಂಡಿ ಹಿಡಿದು, ಸುಮಾರು 5 ಮಿಲಿಮೀಟರ್ ಉದ್ದ ಸೀಳಿ, ಒಳಗಿನ ರಸವನ್ನು ಕೆರೆದು ಗಾಜಿಗೆ ಸವರುತ್ತಾರೆ. ಕೆಂಪು ಬಣ್ಣ ಹಾಕಿ ಕಾಯಿಸಿ ಆಮ್ಲದಲ್ಲಿ ತೊಳೆದರೆ ಉಳಿದೆಲ್ಲದರ ಬಣ್ಣ ಹೋಗುತ್ತದೆ, ಈ ಕಡ್ಡಿಗಳದು ಹೋಗುವುದಿಲ್ಲ. ಮೇಲೆ ನೀಲಿ ಹಚ್ಚಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು. ಆಮೇಲೆ ಎಣಿಕೆ: 100 ನೋಟಗಳಲ್ಲಿ 1ರಿಂದ 10 ಕಂಡರೆ 1+, ಒಂದೇ ನೋಟದಲ್ಲಿ ಸಾವಿರ ಮೀರಿದರೆ 6+. ತೊನ್ನಿನ ಚರ್ಮದಲ್ಲಿ ಇಂಥ ಕಡ್ಡಿಗಳಿರುವುದಿಲ್ಲ. ಅಲ್ಲಿ ಬಣ್ಣ ಕೊಡುವ ಕೋಶಗಳೇ ಇಲ್ಲವಾಗಿರುತ್ತವೆ.

ಆದರೆ ಗಾಜೂ ಪೂರ್ತಿ ಹೇಳದು. ಒಂದೆರಡು ಮಚ್ಚೆಯಷ್ಟೇ ಇರುವ ಕುಷ್ಠದಲ್ಲಿ ಕಡ್ಡಿಗಳು ಹಲವೊಮ್ಮೆ ಸಿಗುವುದೇ ಇಲ್ಲ. ಆಗ ಮಚ್ಚೆಯ ಮೇಲೆ ಹತ್ತಿಯೆಳೆ ಸೋಕಿಸಿ, ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಬೇಕು. ತೊನ್ನಿನ ಮಚ್ಚೆಗೆ ಸ್ಪರ್ಶ ತಿಳಿಯುತ್ತದೆ.

ಇಲ್ಲಿಂದ ಸುಮಾರು 160 ಕಿಲೋಮೀಟರ್ ಉತ್ತರಕ್ಕೆ, ಆಗಿನ ನಿಜಾಮರ ಸೀಮೆಯ ಡಿಚ್‌ಪಲ್ಲಿಯಲ್ಲಿ, ಸ್ಕಾಟ್ಲೆಂಡಿನ ವೈದ್ಯೆ ಇಸಬೆಲ್ ಕೆರ್ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಿದರು. 1920ರ ದಶಕದಲ್ಲಿ ಅಲ್ಲಿದ್ದ ಔಷಧಿ ಗರುಡಫಲದ ಜಾತಿಯ ಎಣ್ಣೆಯ ಚುಚ್ಚುಮದ್ದು. ಆ ಶತಮಾನದಲ್ಲಿ ಲೋಕದ ಅನೇಕ ಕುಷ್ಠಾಲಯಗಳಲ್ಲಿ ರೋಗಿ ಮನೆಗೆ ಹೋಗಬಹುದೇ ಎಂಬುದನ್ನು ಇಂಥ ಗಾಜೇ ಹೇಳುತ್ತಿತ್ತು.

1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬಹುಔಷಧ ಚಿಕಿತ್ಸೆ ಬಂತು, ಕುಷ್ಠ ಗುಣವಾಗತೊಡಗಿತು. ಆದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ವಿಚ್ಛೇದನದ ಕಾರಣವಾಗಿ 2019ರವರೆಗೂ ಉಳಿದಿತ್ತು. ಗಾಜು ಶುದ್ಧವಾದರೂ ಪದ ಆಗಲಿಲ್ಲ.

ಕರಪತ್ರದಲ್ಲಿ ಕೊನೆಗೆ ‘ಬಿಳಿಮಚ್ಚೆ’ ಎಂದು ಬರೆದು, ‘ಇದು ಕುಷ್ಠವಲ್ಲ’ ಎಂದು ಸೇರಿಸಿದೆ. ಮತ್ತೆ ಓದಿದಾಗ, ಒಬ್ಬರ ಮೇಲಿನ ಕಳಂಕವನ್ನು ಇನ್ನೊಬ್ಬರ ಮೇಲೆ ಹೊರಿಸಿದಂತೆ ಅನ್ನಿಸಿತು. ಅದಕ್ಕೇ ಇನ್ನೊಂದು ಸಾಲು ಬೆಳೆಸಿದೆ: ‘ಕುಷ್ಠವೂ ಪೂರ್ತಿ ಗುಣವಾಗುತ್ತದೆ.’